ಇಸ್ತ್ರಿಯಕ್ಕನ ಜೋಡಿ ಪದಗಳು

ಇಂಗ್ಲಿಷ್ ಕಲಿಯಲು ಜನ ಏನೇನೋ ಮಾಡುತ್ತಾರೆ. ಮನೆಪಾಠಕ್ಕೆ ಹೋಗುತ್ತಾರೆ, ದಪ್ಪ ಪುಸ್ತಕ ಕೊಂಡು ಮೊದಲ ಹತ್ತು ಪುಟಕ್ಕೆ ಗೆರೆ ಎಳೆಯುತ್ತಾರೆ, ಕನ್ನಡಿಯ ಮುಂದೆ ನಿಂತು ತಮ್ಮ ಯೋಗಕ್ಷೇಮ ತಾವೇ ವಿಚಾರಿಸಿಕೊಳ್ಳುತ್ತಾರೆ. ಇಸ್ತ್ರಿಯಕ್ಕ ಇಂಗ್ಲಿಷ್ ಕಲಿತದ್ದು ಮಾತ್ರ ಬೇರೆಯವರ ಜೇಬಿನಿಂದ. ಕದ್ದು ಕಲಿತದ್ದಲ್ಲ. ಜೇಬು ತಡಕುವುದೇ ಅವಳ ಕೆಲಸವಾಗಿತ್ತು.

ಮೇಲೆ ಮುನ್ನೂರು ಕೋಣೆಗಳ ಹೋಟೆಲು, ಕೆಳಗೆ ನೆಲಮಾಳಿಗೆಯಲ್ಲಿ ಲಾಂಡ್ರಿ. ಕೊಳೆಯಾದ ಅಂಗಿ ಚೀಲದಲ್ಲಿ ಇಳಿದು ಹೋಗುತ್ತದೆ, ಗರಿಗರಿಯಾಗಿ ಹ್ಯಾಂಗರಿನಲ್ಲಿ ಹತ್ತಿ ಬರುತ್ತದೆ. ಮೇಲಿನವರಿಗೆ ಗೊತ್ತಿದ್ದದ್ದು ಅಷ್ಟೆ. ನಡುವೆ ನಡೆಯುವುದೆಲ್ಲ ಇಸ್ತ್ರಿಯಕ್ಕನ ಪಾಡು. ಇಪ್ಪತ್ತೆರಡು ವರ್ಷದಿಂದ ಅವಳು ಆ ಇಸ್ತ್ರಿ ಮೇಜಿನ ಮುಂದೆ ನಿಂತೇ ಇದ್ದಳು. ಹಿರಿಯರು ಕಿರಿಯರೆನ್ನದೆ ಎಲ್ಲರ ಬಾಯಲ್ಲೂ ಅವಳು ಇಸ್ತ್ರಿಯಕ್ಕನೇ. ಅವಳ ಗಂಡ, ಬಸ್ ಡ್ರೈವರು, ಒಮ್ಮೆ ಲಾಂಡ್ರಿಗೆ ಫೋನು ಮಾಡಿ "ಇಸ್ತ್ರಿಯಕ್ಕ ಇದ್ದಾರಾ?" ಎಂದು ಕೇಳಿ, ಆಮೇಲೆ ಮನೆಯಲ್ಲಿ ಒಂದು ವಾರ ಅದಕ್ಕೆ ದಂಡ ತೆತ್ತಿದ್ದ.

ಅಲ್ಲಿನ ಕಾಯಿದೆ ಒಂದೇ. ಬಟ್ಟೆ ನೀರಿಗಿಳಿಯುವ ಮುಂಚೆ ಜೇಬು ಖಾಲಿಯಾಗಬೇಕು. ಗ್ರಾಹಕರ ಜೇಬಿನಲ್ಲಿ ಸಿಕ್ಕಿದ್ದು ಕೋಣೆ ನಂಬರು ಬರೆದ ಲಕೋಟೆಗೆ ಹೋಗಿ ಒಂದು ಗಂಟೆಯೊಳಗೆ ಮೇಲೆ ತಲುಪಬೇಕು. ಕೆಲಸಗಾರರ ಜೇಬಿನಲ್ಲಿ ಸಿಕ್ಕಿದ್ದು ಹಳೆಯ ಬಿಸ್ಕತ್ತಿನ ಡಬ್ಬಿಗೆ; ಶನಿವಾರ ಬಂದು ಅವರವರದ್ದು ಅವರವರು ಒಯ್ಯಬೇಕು. ಆ ಡಬ್ಬಿಯಲ್ಲಿ ಪೆನ್ನು, ಬಾಚಣಿಗೆ, ಬಸ್ ಟಿಕೆಟು, ಒಂಟಿ ಗುಂಡಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟೂ ಬಂದು ಕೂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಚೀಟಿಯೂ ಕಳೆದುಹೋದದ್ದಿಲ್ಲ. ಕಳೆಯುವುದಿರಲಿ, ಮುದುಡಿದ ಚೀಟಿಯನ್ನು ಕಂಡರೆ ಅವಳಿಗೆ ಸುಮ್ಮನಿರಲಾಗುತ್ತಿರಲಿಲ್ಲ. ನಾಲ್ಕು ಹನಿ ನೀರು ಚಿಮುಕಿಸಿ, ಇಸ್ತ್ರಿ ಎಳೆದು, ನೀಟಾಗಿ ಮಡಿಸಿ ಡಬ್ಬಿಗೆ ಹಾಕುತ್ತಿದ್ದಳು. ಹುಟ್ಟುಗುಣ.

ಚೀಟಿಗಳಲ್ಲಿ ಹೆಚ್ಚಿನವು ತಟ್ಟೆ ಮೇಷ್ಟ್ರು ಬರೆದವು. ಮೇಲಿನ ಊಟದ ಹಾಲಿನಲ್ಲಿ ಹಿರಿಯ ವೇಟರು ಅವರು. ಹೊಸದಾಗಿ ಸೇರಿದ ವೇಟರುಗಳಿಗೆ ಇಂಗ್ಲಿಷ್ ಕಲಿಸುವ ಹೊಣೆಯನ್ನು ಯಾರೂ ಕೊಡದಿದ್ದರೂ ತಾವೇ ಹೊತ್ತುಕೊಂಡಿದ್ದರಿಂದ ಆ ಹೆಸರು. ಆರ್ಡರ್ ಚೀಟಿಯ ಬೆನ್ನಿಗೆ ಪೆನ್ಸಿಲಿನಲ್ಲಿ ನಾಲ್ಕು ಸಾಲು ಬರೆದು ಒಬ್ಬೊಬ್ಬರ ಜೇಬಿಗೂ ತುರುಕುವುದು ಅವರ ಪಾಠದ ಕ್ರಮ. ಇಸ್ತ್ರಿಯಕ್ಕನ ಕೈಗೆ ಬಂದ ಮೊದಲ ಚೀಟಿಯಲ್ಲಿ ಹೀಗಿತ್ತು: 'ಟೀ ಆದರೆ ಸ್ಟ್ರಾಂಗ್, ಮಳೆ ಆದರೆ ಹೆವಿ. ಅದಲು ಬದಲು ಮಾಡಿದರೆ ಕಿವಿ ಹಿಂಡುತ್ತೇನೆ.'

ಅದನ್ನು ಓದಿ ಇಸ್ತ್ರಿಯಕ್ಕನಿಗೆ ಒಮ್ಮೆಲೇ ಕಣ್ಣು ತೆರೆದ ಹಾಗಾಯಿತು. ಶಾಲೆಯಲ್ಲಿ ಅವಳು ಇಂಗ್ಲಿಷಿನಲ್ಲಿ ನಾಲ್ಕು ಸಲ ನಪಾಸಾದವಳು. ಆಗ ಒಂದೊಂದೇ ಪದ ಉರು ಹೊಡೆಸುತ್ತಿದ್ದರು. ಬಾಯಿಪಾಠವಾದ ಪದ ಬಾಯಿಂದಾಚೆ ಬಂದು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಪಿಳಿಪಿಳಿ ಕಣ್ಣು ಬಿಡುತ್ತಿತ್ತು. ಪದಗಳಿಗೂ ಕಾಲುಚೀಲದಂತೆ ಜೋಡಿಯಿರುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಮ್ಮಲ್ಲಾದರೂ ಹಾಗೇ ತಾನೆ, ಅಂದುಕೊಂಡಳು. ಏಟು ತಿನ್ನುತ್ತೇವೆ, ಕುಡಿಯುವುದಿಲ್ಲ. ಸಿಟ್ಟು ಏರುತ್ತದೆ, ನಿದ್ದೆ ಹತ್ತುತ್ತದೆ. ನಿದ್ದೆ ಏರಿತು, ಸಿಟ್ಟು ಹತ್ತಿತು ಎಂದರೆ ಎದುರಿಗಿದ್ದವರು ಹಣೆ ಮುಟ್ಟಿ ನೋಡುತ್ತಾರೆ. ಜೋಡಿ ಹುಡುಕುವುದೇ ವಿದ್ಯೆಯಾದರೆ ತನ್ನನ್ನು ಮೀರಿಸುವವರು ಯಾರು? ದಿನಕ್ಕೆ ಇನ್ನೂರು ಕಾಲುಚೀಲ ಜೋಡಿಸುವವಳು ತಾನು.

ಅಂದಿನಿಂದ ಅವಳ ಏಪ್ರನ್ನಿನ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ಕು. ಚೀಟಿ ಡಬ್ಬಿಗೆ ಹೋಗುವ ಮುಂಚೆ ಅದರಲ್ಲಿದ್ದದ್ದು ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಯುತ್ತಿತ್ತು. ಸಂಜೆ ಅಡುಗೆಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳ ಮುಂದೆ ಪರೀಕ್ಷೆ.

"ನೋಡೇ, ಇವರು ಎಲ್ಲವನ್ನೂ ತಗೊಳ್ತಾರೆ. ಸ್ನಾನ ತಗೊಳ್ತಾರೆ, ಸೀಟು ತಗೊಳ್ತಾರೆ, ಫೋಟೋ ತಗೊಳ್ತಾರೆ, ಟೈಮೂ ತಗೊಳ್ತಾರೆ. ಕೊಡೋದು ಅಂತ ಯಾವಾಗ?"

"ಗಿವ್ ಮಿ ಎ ಮಿನಿಟ್ ಅಂತಾರಲ್ಲಮ್ಮಾ. ಕೊಡ್ತಾರೆ."

"ಒಂದೇ ಒಂದು ನಿಮಿಷ. ಅದೂ ಕೇಳಿ ಇಸ್ಕೊಳ್ಳೋದು. ಜುಗ್ಗರಪ್ಪ."

ಮಗಳು ನಕ್ಕು, "ನೀನು ವ್ಯಾಕರಣ ಒಂದಿಷ್ಟು ಕಲಿ ಅಮ್ಮಾ," ಎನ್ನುತ್ತಿದ್ದಳು. ಇಸ್ತ್ರಿಯಕ್ಕ, "ನಿನಗೆ ಮಾತು ಕಲಿಸಿದಾಗ ನಾನು ವ್ಯಾಕರಣ ಹೇಳಿಕೊಟ್ಟಿದ್ನಾ?" ಎಂದು ಒಗ್ಗರಣೆ ಸಟ್ಟುಗ ಝಾಡಿಸುತ್ತಿದ್ದಳು. ಬದುಕು ಹೀಗೆ ಚೆನ್ನಾಗಿಯೇ ಸಾಗುತ್ತಿತ್ತು.

ಕಾಲು ಮಾತ್ರ ಕೈಕೊಟ್ಟಿತು. ಇಪ್ಪತ್ತೆರಡು ವರ್ಷ ನಿಂತ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿಕೊಂಡವು. ಡಾಕ್ಟರು ನೋಡಿ, "ಕೂತು ಮಾಡೋ ಕೆಲಸ ಇದ್ರೆ ಮಾಡಿ, ಇಲ್ಲಾಂದ್ರೆ ಬಿಟ್ಟು ಮನೇಲಿರಿ," ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಮನೆಯಲ್ಲಿರುವುದು! ಬೆಳಗ್ಗೆ ಏಳಕ್ಕೆ ಬಿಸಿ ಹತ್ತಿಬಟ್ಟೆಯ ವಾಸನೆ ಮೂಗಿಗೆ ಬೀಳದಿದ್ದರೆ ಅವಳಿಗೆ ಬೆಳಗಾಯಿತೆಂದೇ ಅನ್ನಿಸುತ್ತಿರಲಿಲ್ಲ. ಲಾಂಡ್ರಿಯಲ್ಲಿ ಕೂತು ಮಾಡುವ ಕೆಲಸ ಒಂದೇ ಒಂದಿತ್ತು: ಕೋಣೆಗಳಿಂದ ಬರುವ ಫೋನು ಎತ್ತುವುದು. ಆ ಫೋನಿನ ಮುಂದೆ ಒಂದು ಕುರ್ಚಿ. ಒಂದು ಗಾಲಿ ಸವೆದು, ಸೀಟು ಹರಿದಲ್ಲಿ ಟೇಪು ಅಂಟಿಸಿದ ಕುರ್ಚಿ. ಅದರಲ್ಲಿ ಇಷ್ಟು ವರ್ಷ ಕೂತಿದ್ದ ಫೋನಮ್ಮ ತಿಂಗಳ ಕೊನೆಗೆ ನಿವೃತ್ತಿಯಾಗುವವರಿದ್ದರು. ಆ ಹೋಟೆಲಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು, ಎಲ್ಲರ ನಡುವೆ ಮಾತು ಇಂಗ್ಲಿಷಿನಲ್ಲಿ.

ಇಸ್ತ್ರಿಯಕ್ಕ ಧೈರ್ಯ ಮಾಡಿ ಲಾಂಡ್ರಿ ನೋಡಿಕೊಳ್ಳುವ ಮೇಡಂ ಮುಂದೆ ನಿಂತಳು. ಮೇಡಂ ಕೆಟ್ಟವರಲ್ಲ, ಕಟ್ಟುನಿಟ್ಟು. ಕನ್ನಡಕ ಹಣೆಗೇರಿಸಿ ಅವಳನ್ನೂ ಅವಳ ಕಾಲನ್ನೂ ನೋಡಿದರು.

"ಇಂಗ್ಲಿಷ್ ಬರುತ್ತಾ ಅಕ್ಕ?"

"ಜೋಡಿ ಜೋಡಿಯಾಗಿ ಬರುತ್ತೆ ಮೇಡಂ."

ಅದೇನೆಂದು ಮೇಡಂಗೆ ಅರ್ಥವಾಗಲಿಲ್ಲ. "ಆಯ್ತು, ಶನಿವಾರ ಫೋನಮ್ಮ ರಜೆ, ಅವತ್ತೊಂದು ದಿನ ಕೂತು ನೋಡಿ. ಆದ್ರೆ ಒಂದೇ ಒಂದು ಕಂಪ್ಲೇಂಟ್ ಬಂದರೂ ನಾನು ಹೊರಗಿನವರನ್ನ ತಗೋಬೇಕಾಗುತ್ತೆ. ಆಮೇಲೆ ನನ್ನ ಬೈಕೋಬೇಡಿ," ಎಂದರು.

ಶುಕ್ರವಾರ ಮಧ್ಯಾಹ್ನ ಊಟದ ಹಾಲಿನಿಂದ ಕಪ್ಪು ಕೋಟುಗಳ ರಾಶಿ ಬಂತು. ಇಸ್ತ್ರಿಯಕ್ಕನ ಮನಸ್ಸೆಲ್ಲ ಶನಿವಾರದ ಮೇಲೆ. ಮೊದಲು ಅಂಚಿಗೆ ಪಿನ್ನು ಹಾಕಿದ ನಂಬರು ನೋಡಿ ಬೇರೆ ಮಾಡಿ, ಆಮೇಲೆ ಜೇಬು ನೋಡುವುದು ಕ್ರಮ. ಅಂದು ಅವಳು ಮೊದಲು ಜೇಬಿಗೇ ಕೈಹಾಕಿದಳು. ಒಂದು ಪದವಾದರೂ ಹೆಚ್ಚು ಸಿಕ್ಕೀತೆಂಬ ಆಸೆ. ಹದಿನಾಲ್ಕು ಕೋಟಿನ ಜೇಬು ಖಾಲಿಯಾದ ಮೇಲೆ ನಂಬರು ನೋಡಿದರೆ, ಅದರಲ್ಲೊಂದು ಮೂರನೆಯ ಮಹಡಿಯ ಗ್ರಾಹಕರದ್ದು, ರಾಶಿಯಲ್ಲಿ ತಪ್ಪಿ ಸೇರಿಕೊಂಡದ್ದು. ಅದನ್ನು ಬೇರೆ ತೆಗೆದಿಟ್ಟಳು. ಆದರೆ ಅಷ್ಟರಲ್ಲಿ ಜೇಬಿನ ಸರಕೆಲ್ಲ ಮೇಜಿನ ಮೇಲೆ ಒಂದೇ ಗುಡ್ಡೆಯಾಗಿತ್ತು. ಗುಡ್ಡೆಯಲ್ಲಿದ್ದದ್ದು ಎಂದಿನ ಪೆನ್ನು, ಬಾಚಣಿಗೆ, ಚೀಟಿ. ಎಲ್ಲವೂ ವೇಟರುಗಳದ್ದೇ ಎಂದು ಅವಳು ಹಿಂದೆಮುಂದೆ ನೋಡದೆ ತೀರ್ಮಾನಿಸಿದಳು.

ಅದರಲ್ಲಿ ನಾಲ್ಕಾಗಿ ಮಡಿಸಿದ ಒಂದು ದೊಡ್ಡ ಹಾಳೆಯಿತ್ತು. ಪೆನ್ಸಿಲಲ್ಲ, ನೀಲಿ ಶಾಯಿಯಲ್ಲಿ ಬರೆದದ್ದು. ಇಂಗ್ಲಿಷ್ ಅಕ್ಷರಗಳು ದಪ್ಪದಪ್ಪ, ಎಲ್ಲವೂ ಸಾಲಾಗಿ ನಿಂತು ಹಾಜರಿ ಹೇಳುತ್ತಿದ್ದವು. ಇಸ್ತ್ರಿಯಕ್ಕ ಟೀ ಹೊತ್ತಿನಲ್ಲಿ ಒಂದೊಂದೇ ಪದ ಬಿಡಿಸಿ ಓದಿದಳು. ಓದುತ್ತ ಓದುತ್ತ ಮುಖ ಅರಳಿತು. ವಾರ್ಮ್ ವೆಲ್‌ಕಮ್, ಸ್ಪೆಷಲ್ ಡೇ, ಲಾಂಗ್ ಟೈಮ್, ಸ್ಟ್ರಾಂಗ್ ಟೀ. ಕೋಲ್ಡ್ ಆದರೆ ಕ್ಯಾಚ್. ಮಿಸ್ಟೇಕ್ ಆದರೆ ಮೇಕ್, ಪೀಸ್ ಆದರೂ ಮೇಕ್, ಹೋಮ್ ಆದರೂ ಮೇಕ್. ಅಬ್ಬಾ ಮೇಷ್ಟ್ರೇ, ಅಂದುಕೊಂಡಳು. ಇಷ್ಟು ದಿನ ಚಿಲ್ಲರೆಯಾಗಿ ಹಂಚಿದ್ದನ್ನೆಲ್ಲ ಸೇರಿಸಿ ಒಂದೇ ಪಾಠ ಮಾಡಿಬಿಟ್ಟಿದ್ದಾರೆ!

ಒಂದಕ್ಷರ ಬಿಡದೆ ನೋಟ್‌ಬುಕ್ಕಿಗೆ ಇಳಿಸಿದಳು. ಆಮೇಲೆ, ಎಂದಿನ ಹಾಗೆ, ಹಾಳೆಯ ಮುದುಡು ಬಿಡಿಸಲು ನಾಲ್ಕು ಹನಿ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಎಳೆದಳು. ಪೆನ್ಸಿಲಿಗೆ ನೀರು ಏನೂ ಮಾಡುವುದಿಲ್ಲ. ಶಾಯಿಗೆ ಮಾಡುತ್ತದೆ. ಕೈಯೆತ್ತಿ ನೋಡಿದರೆ ಹಾಳೆಯ ತುಂಬ ನೀಲಿ ಕೆಸರು, ಒಂದು ಪದವೂ ಪದವಾಗಿ ಉಳಿದಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಪುಣ್ಯಕ್ಕೆ ನಕಲು ಇದೆಯಲ್ಲ, ನಾಳೆ ಮೇಷ್ಟ್ರಿಗೆ ಹೇಳಿ ಕ್ಷಮೆ ಕೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಆ ನೀಲಿ ಹಾಳೆಯನ್ನೂ ಮಡಿಸಿ ಡಬ್ಬಿಗೆ ಹಾಕಿದಳು.

ಸಂಜೆ ಮಗಳ ಮುಂದೆ ಇಡೀ ಪಾಠವನ್ನು ನೋಡದೆ ಒಪ್ಪಿಸಿದಳು. ಮಗಳು ಬೀನ್ಸ್ ನಾರು ತೆಗೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅಮ್ಮಾ, ಇದು ಪಾಠದ ಥರ ಇಲ್ಲ. ಯಾರೋ ಯಾರಿಗೋ ಹೇಳ್ತಿರೋ ಹಾಗಿದೆ. ಈ 'ಶಿ' ಯಾರು?"

"ಯಾರೋ ಒಬ್ಬಳು. ಪಾಠದಲ್ಲಿ ಯಾವಾಗಲೂ ಯಾರೋ ಒಬ್ಬಳು ಇರ್ತಾಳೆ. ನೀನು ನಾರು ತೆಗಿ."

ಶನಿವಾರ ಬೆಳಗ್ಗೆ ಏಳಕ್ಕೆ ಇಸ್ತ್ರಿಯಕ್ಕ ಆ ಕುರ್ಚಿಯಲ್ಲಿ ಕೂತಳು. ಕಾಲಿಗೆ ಎಷ್ಟು ಹಿತವಾಯಿತೆಂದರೆ ಅವಳಿಗೆ ನಾಚಿಕೆಯೇ ಆಯಿತು. ಅರ್ಧ ಗಾಜಿನ ಗೋಡೆಯಾಚೆ ಮೇಡಂ ಕಿವಿ ಈಚೆಗಿಟ್ಟು ಕೂತಿದ್ದರು. ಫೋನು ಬಡಿದುಕೊಂಡಿತು.

"ಗುಡ್ ಮಾರ್ನಿಂಗ್ ಸರ್, ಎ ವಾರ್ಮ್ ವೆಲ್‌ಕಮ್! ಮೇ ಐ ಟೇಕ್ ಯುವರ್ ಆರ್ಡರ್?"

ಆ ಕಡೆಯವರು ತಡವರಿಸಿ, ಎರಡು ಶರ್ಟು ಇಸ್ತ್ರಿಯಾಗಬೇಕು ಎಂದರು.

"ಟೂ ಶರ್ಟ್ಸ್. ಎನಿಥಿಂಗ್ ಎಲ್ಸ್ ವಿತ್ ದಟ್, ಸರ್?"

"ನೋ..."

"ವೆರಿ ಗುಡ್ ಸರ್. ಇಟ್ ವಿಲ್ ಬಿ ಸರ್ವ್ಡ್ ಹಾಟ್."

ಆ ಕಡೆಯಿಂದ ಜೋರು ನಗು. ನಕ್ಕರೆಂದರೆ ಖುಷಿಯಾಯಿತೆಂದೇ ಅರ್ಥ ಎಂದುಕೊಂಡು ಇಸ್ತ್ರಿಯಕ್ಕ ಬೀಗಿದಳು. ಮುಂದಿನ ಕರೆ ಹಸಿರು ಸ್ಕರ್ಟಿನ ಹೆಂಗಸಿನದು. ಸ್ಕರ್ಟು ಇನ್ನೂ ಒಣಗಿರಲಿಲ್ಲ. "ಐಯಾಮ್ ಅಫ್ರೇಡ್ ದಿ ಗ್ರೀನ್ ಈಸ್ ನಾಟ್ ರೆಡಿ, ಮೇಡಂ. ಮೇ ಐ ಸಜೆಸ್ಟ್ ದಿ ಬ್ಲೂ?" ಎಂದು ಬೇರೆ ಯಾರದೋ ನೀಲಿ ಸ್ಕರ್ಟನ್ನು ಶಿಫಾರಸು ಮಾಡಿದಳು. ಮೂರನೆಯವರು ಮಾತಿನ ನಡುವೆ ಸೀನಿದರು. "ಯು ಕ್ಯಾಚ್ ಕೋಲ್ಡ್ ಈಸಿಲಿ," ಎಂದು ಇಸ್ತ್ರಿಯಕ್ಕ ಮರುಗಿ, ಸ್ಟ್ರಾಂಗ್ ಟೀ ಕುಡಿಯಲು ಹೇಳಿ ಫೋನಿಟ್ಟಳು.

ಗಾಜಿನ ಗೋಡೆಯಾಚೆಯಿಂದ ಮೇಡಂ ಎದ್ದು ಬಂದರು. ಮುಖ ಕೆಂಪಗಾಗಿತ್ತು, ಸಿಟ್ಟಿಗೋ ನಗು ತಡೆದುಕೊಂಡದ್ದಕ್ಕೋ ಹೇಳುವುದು ಕಷ್ಟ.

"ಅಕ್ಕಾ, ಇದು ಲಾಂಡ್ರಿ. ಊಟದ ಹಾಲ್ ಅಲ್ಲ. ಯಾರು ಕಲಿಸಿದ್ರು ನಿಮಗೆ ಇದನ್ನ? ಇದುವರೆಗೆ ಕಂಪ್ಲೇಂಟ್ ಬಂದಿಲ್ಲ, ನಿಮ್ಮ ಅದೃಷ್ಟ. ಇನ್ನೊಂದು ಸಲ ಹೀಗಾದ್ರೆ ಮುಗೀತು."

ಇಸ್ತ್ರಿಯಕ್ಕನ ಉತ್ಸಾಹ ಜರ್ರನೆ ಇಳಿದುಹೋಯಿತು. ಜೋಡಿ ಸರಿಯಾಗಿಯೇ ಇತ್ತು. ಆದರೆ ಆ ಜೋಡಿ ತಟ್ಟೆಯ ಪಕ್ಕ ನಿಲ್ಲುವಂಥದು, ಬಟ್ಟೆಯ ಪಕ್ಕ ಅಲ್ಲ. ಮದುವೆ ಬಟ್ಟೆಯನ್ನು ತೊಟ್ಟು ಕೆರೆಗೆ ಈಜಲು ಹೋದ ಹಾಗೆ. ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಅವಮಾನವಾಯಿತು. ತಗ್ಗಿಸಿದ ತಲೆಯಲ್ಲೇ ಮತ್ತೆ ನಾಲ್ಕಾರು ಕರೆಗಳಿಗೆ ಬರೀ "ಯೆಸ್ ಸರ್, ನೋ ಸರ್" ಎಂದಳು.

ಒಂಬತ್ತೂವರೆಗೆ ತಟ್ಟೆ ಮೇಷ್ಟ್ರು ತಮ್ಮ ಹುಡುಗರ ಸಾಮಾನು ಒಯ್ಯಲು ಇಳಿದು ಬಂದರು. ಇಸ್ತ್ರಿಯಕ್ಕ ನೀಲಿ ಹಾಳೆ ಮುಂದೆ ಹಿಡಿದಳು.

"ಮೇಷ್ಟ್ರೇ, ತಪ್ಪಾಯ್ತು. ನಿಮ್ಮ ದೊಡ್ಡ ಪಾಠ ನೀರು ಪಾಲು ಮಾಡಿದೆ. ಆದ್ರೆ ಬರ್ಕೊಂಡಿದೀನಿ, ನೋಡಿ."

ಮೇಷ್ಟ್ರು ನೋಟ್‌ಬುಕ್ಕು ಓದಿದರು. ಇನ್ನೊಮ್ಮೆ ಓದಿದರು. ತಾವು ಬರೆದ ಚೀಟಿಗಳೆಲ್ಲ ಇಲ್ಲಿ ಅಕ್ಷರವಾಗಿ ಕೂತಿರುವುದನ್ನು ಕಂಡು ಅವರ ಕಣ್ಣು ಅಗಲವಾಯಿತು. ಕೊನೆಗೆ ತಲೆಯಾಡಿಸಿದರು.

"ಬೇರೆಲ್ಲ ನಂದೇ ತಾಯಿ. ಇದೊಂದು ನಂದಲ್ಲ. ಶಾಯಿ ಪೆನ್ನು ಮುಟ್ಟಿ ನನಗೆ ಮೂವತ್ತು ವರ್ಷ ಆಯ್ತು."

ಇಸ್ತ್ರಿಯಕ್ಕನಿಗೆ ಬೇರೆ ತೆಗೆದಿಟ್ಟ ಆ ಮೂರನೆಯ ಮಹಡಿಯ ಕೋಟು ಕಣ್ಣಮುಂದೆ ಬಂತು. ಮೇಲೆ ಹೋಗಿ ಒಂದು ಗಂಟೆಯಾಗಿದ್ದ ಕೋಟು. ಆಗಲೇ ಫೋನು ಬಡಿದುಕೊಂಡಿತು.

"ಲಾಂಡ್ರಿ?" ದಪ್ಪ ಗಂಟಲು, ವಯಸ್ಸಾದವರದು, ಒಂದೊಂದೇ ಪದ ಹೊಸ್ತಿಲು ದಾಟಿ ಬರುತ್ತಿತ್ತು. "ಬ್ಲ್ಯಾಕ್ ಕೋಟ್ ಕಮ್. ಕೋಟ್ ಗುಡ್. ಪಾಕೆಟ್... ನೋ ಪೇಪರ್. ಪ್ಲೀಸ್. ಮೈ ಡಾಟರ್ ಮ್ಯಾರೇಜ್. ಟ್ವೆಲ್ವ್ ಓ ಕ್ಲಾಕ್. ನೋ ಪೇಪರ್, ಐ ನೋ ಸ್ಪೀಕ್."

ಇಸ್ತ್ರಿಯಕ್ಕ ರಿಸೀವರ್ ಹಿಡಿದು ಕೂತಲ್ಲೇ ಕೂತಳು. 'ಶಿ' ಯಾರು ಎಂದು ಮಗಳು ಕೇಳಿದ್ದಳು. ಸ್ಟ್ರಾಂಗ್ ಟೀ ಕುಡಿಯುವವಳು, ಬೇಗ ನೆಗಡಿ ಹಿಡಿಸಿಕೊಳ್ಳುವವಳು, ಸಿಟ್ಟು ಬಂದಾಗ ಒಂದು ನಿಮಿಷ ಬಿಟ್ಟುಕೊಟ್ಟರೆ ಸರಿಹೋಗುವವಳು ಪಾಠದೊಳಗಿನ ಯಾರೋ ಒಬ್ಬಳಲ್ಲ. ಇವರ ಮಗಳು. ಇವತ್ತು ಹನ್ನೆರಡಕ್ಕೆ ಮದುವೆಯಾಗುವವಳು. ಅಪ್ಪ ಅವಳನ್ನು ಬೇರೆ ಭಾಷೆಯ ಮನೆಗೆ ಒಪ್ಪಿಸುತ್ತ ಹೇಳಬೇಕಿದ್ದ ಮಾತುಗಳನ್ನು ತಾನು ಬೆಳಗ್ಗೆ ಯಾರದೋ ಸೀನಿಗೆ ಖರ್ಚು ಮಾಡಿದ್ದಳು.

'ಸಾರಿ ಸರ್, ನೋ ಪೇಪರ್.' ನಾಲ್ಕೇ ಪದ. ಅಂದುಬಿಟ್ಟರೆ ಮುಗಿಯಿತು. ಹಾಳೆಯಲ್ಲಿ ಏನೂ ಉಳಿದಿಲ್ಲ, ಯಾರಿಗೂ ಏನೂ ಗೊತ್ತಾಗುವುದಿಲ್ಲ, ಮೇಷ್ಟ್ರು ಬಾಯಿಬಿಡುವವರಲ್ಲ. ನಿಜ ಹೇಳಿದರೆ ಅದೇ ಆ ಒಂದೇ ಒಂದು ಕಂಪ್ಲೇಂಟು, ಸೋಮವಾರದಿಂದ ಈ ಕುರ್ಚಿಯಲ್ಲಿ ಇನ್ನಾರೋ. ಗಾಜಿನಾಚೆ ಮೇಡಂ ತಲೆಯೆತ್ತಿ ನೋಡುತ್ತಿದ್ದರು.

"ಗಿವ್ ಮಿ ಎ ಮಿನಿಟ್, ಸರ್," ಎಂದಳು. ನಿಜಕ್ಕೂ ಅವಳಿಗೆ ಒಂದು ನಿಮಿಷ ಬೇಕಿತ್ತು. ಆಮೇಲೆ, "ಸರ್, ಐ ಮೇಡ್ ಎ ಮಿಸ್ಟೇಕ್. ಪೇಪರ್, ವಾಟರ್. ಪ್ಲೀಸ್ ಕಮ್ ಡೌನ್."

ಮೂರು ನಿಮಿಷದಲ್ಲಿ ಅವರು ಲಾಂಡ್ರಿಯಲ್ಲಿದ್ದರು. ಗುಂಡಗಿನ ಮನುಷ್ಯ, ಬಿಳಿ ಮೀಸೆ, ಕಪ್ಪು ಪ್ಯಾಂಟಿಗೆ ಕೋಣೆಯ ಹವಾಯಿ ಚಪ್ಪಲಿ. ನೀಲಿ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಿರುಗಿಸಿ ನೋಡಿ, ಬೆಳಕಿಗೆ ಹಿಡಿದು ನೋಡಿದರು. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವರು ಬರೀ ನಿಂತುಬಿಟ್ಟರು. ಮೇಡಂ ಓಡಿ ಬಂದು, ಸಂಸ್ಥೆಯ ಪರವಾಗಿ ಆಳವಾದ ವಿಷಾದವನ್ನೂ ಆದ ಅನಾನುಕೂಲಕ್ಕೆ ತಕ್ಕ ಪರಿಹಾರವನ್ನೂ ಉದ್ದುದ್ದ ಇಂಗ್ಲಿಷಿನಲ್ಲಿ ಹೇಳಿದರು. ಎಷ್ಟು ಚೆಂದದ ಇಂಗ್ಲಿಷದು! ಅವರು ಗೋಡೆಯನ್ನು ನೋಡಿದ ಹಾಗೆ ಮೇಡಂ ಮುಖ ನೋಡಿದರು, ಒಂದು ಪದವೂ ಒಳಗಿಳಿಯಲಿಲ್ಲ.

"ತ್ರೀ ಮಂತ್ಸ್," ಎಂದರು ಹಾಳೆಯ ಕಡೆ ಬೆರಳು ಮಾಡಿ. "ಐ. ಅಲೋನ್. ಡಾಟರ್ ನೋ ನೋ."

ಮೂರು ತಿಂಗಳು ಕೂತು, ಮಗಳಿಗೆ ತಿಳಿಯದ ಹಾಗೆ, ತಾನೊಬ್ಬನೇ ಬರೆದದ್ದು. ಹೇಳುತ್ತ ತೋಳು ಮೇಲೆತ್ತಿದಾಗ ಇಸ್ತ್ರಿಯಕ್ಕನಿಗೆ ಅವರ ಮುಂಗೈ ಕಂಡಿತು. ಮೊಣಕೈವರೆಗೂ ಹಳೆಯ ಸುಟ್ಟ ಗೆರೆಗಳು. ಅಂಥವೇ ಗೆರೆ ಅವಳ ಕೈಮೇಲೂ ಇದ್ದವು. ಅವಳು ನೋಡುವುದನ್ನು ಅವರೂ ನೋಡಿ, ಬಿಸಿ ಒಲೆಯೊಳಕ್ಕೆ ಏನನ್ನೋ ತಳ್ಳಿದ ಹಾಗೆ ಕೈಮಾಡಿ ತೋರಿಸಿದರು. "ಐ... ಬ್ರೆಡ್."

ಇಸ್ತ್ರಿಯಕ್ಕ ಕುರ್ಚಿಯಿಂದ ಎದ್ದಳು. ಅಲ್ಲಿ ಇದ್ದದ್ದು ಅದೊಂದೇ ಕುರ್ಚಿ. ಅದನ್ನು ಅವರ ಮುಂದೆ ತಳ್ಳಿದಳು.

"ಸರ್, ಪ್ಲೀಸ್ ಟೇಕ್ ಯುವರ್ ಸೀಟ್. ನಾಟ್ ಫಿನಿಶ್ಡ್. ಸ್ಟಿಲ್ ಅವೈಲಬಲ್."

ಸ್ಟಿಲ್ ಅವೈಲಬಲ್! ಬ್ರೆಡ್ಡು ಬೇಯಿಸಿ ಅಂಗಡಿಯಲ್ಲಿ ಮಾರುವವರಿಗೆ ಅದು ತಿಳಿಯದ ಮಾತೇ? ಅವರು ಚಟ್ಟನೆ ತಲೆಯೆತ್ತಿದರು. ಇಸ್ತ್ರಿಯಕ್ಕ ಏಪ್ರನ್ನಿನಿಂದ ನೋಟ್‌ಬುಕ್ಕು ತೆಗೆದಳು. ಅವರು ಆಸೆಯಿಂದ ಬಗ್ಗಿ ನೋಡಿದರು. ಕನ್ನಡ ಅಕ್ಷರ ಕಂಡು ಅವರ ಮುಖ ಮತ್ತೆ ಬಾಡಿತು. ಅವಳು ತನ್ನ ಬಾಯಿ ತೋರಿಸಿ, ಆಮೇಲೆ ಅವರ ಕೈ ತೋರಿಸಿದಳು. ಮೇಷ್ಟ್ರು ತಮ್ಮ ಪೆನ್ಸಿಲನ್ನೂ ಒಂದು ಕಟ್ಟು ಆರ್ಡರ್ ಚೀಟಿಯನ್ನೂ ಮೇಜಿನ ಮೇಲಿಟ್ಟು, "ನೀರು ಬಿದ್ರೂ ಹೋಗಲ್ಲ," ಎಂದು ಕನ್ನಡದಲ್ಲೇ ಭರವಸೆ ಕೊಟ್ಟರು.

"ಡಿಯರ್ ಫ್ರೆಂಡ್ಸ್, ಎ ವಾರ್ಮ್ ವೆಲ್‌ಕಮ್," ಇಸ್ತ್ರಿಯಕ್ಕ ನಿಂತುಕೊಂಡು ಓದಿದಳು. ಅವರು ಬರೆದುಕೊಂಡರು, ಇಂಗ್ಲಿಷಿನಲ್ಲಲ್ಲ, ಅವಳು ಕಂಡು ಕೇಳರಿಯದ ತಮ್ಮದೇ ಅಕ್ಷರದಲ್ಲಿ. ಅವಸರಕ್ಕೆ ಕೈಗೆ ಬರುವುದು ಅದೇ ತಾನೆ. "ಟುಡೇ ಈಸ್ ಎ ಸ್ಪೆಷಲ್ ಡೇ. ಐ ವೇಟೆಡ್ ಎ ಲಾಂಗ್ ಟೈಮ್." ಪೆನ್ಸಿಲು ಓಡಿತು. "ಶಿ ಡ್ರಿಂಕ್ಸ್ ಸ್ಟ್ರಾಂಗ್ ಟೀ. ಶಿ ಕ್ಯಾಚಸ್ ಕೋಲ್ಡ್ ಈಸಿಲಿ."

ಪೆನ್ಸಿಲು ನಿಂತಿತು. ಅವರು ಮೀಸೆಯೊಳಗೇ ಏನೋ ಗೊಣಗಿ, ಮುಂಗೈಯಲ್ಲಿ ಕಣ್ಣೊರೆಸಿಕೊಂಡರು.

"ಟೇಕ್ ಯುವರ್ ಟೈಮ್, ಸರ್," ಎಂದಳು ಇಸ್ತ್ರಿಯಕ್ಕ.

"ವೆರಿ," ಎಂದರು ಅವರು. "ವೆರಿ ಈಸಿಲಿ."

ಇಸ್ತ್ರಿಯಕ್ಕ ತನ್ನ ನೋಟ್‌ಬುಕ್ಕಿನಲ್ಲೂ ಆ ಜಾಗದಲ್ಲಿ ಒಂದು 'ವೆರಿ' ಸೇರಿಸಿದಳು. ತನ್ನ ಮಗಳೂ ಹಾಗೇ, ಮೋಡ ಕಂಡರೆ ಮೂಗು ಕಟ್ಟುತ್ತದೆ. ಮುಂದಿನ ಸಾಲುಗಳನ್ನು ಅವಳು ಇನ್ನೂ ನಿಧಾನವಾಗಿ ಓದಿದಳು. "ವೆನ್ ಶಿ ಈಸ್ ಆಂಗ್ರಿ, ಗಿವ್ ಹರ್ ಎ ಮಿನಿಟ್. ಮೇಕ್ ಮಿಸ್ಟೇಕ್ಸ್, ಮೇಕ್ ಪೀಸ್, ಮೇಕ್ ಎ ಹೋಮ್. ಪ್ಲೀಸ್ ಟೇಕ್ ಗುಡ್ ಕೇರ್. ಥ್ಯಾಂಕ್ ಯು ಫ್ರಮ್ ಮೈ ಹಾರ್ಟ್." ನಿನ್ನೆ ಇವೆಲ್ಲ ಎರಡೆರಡು ಪದದ ಜೋಡಿಗಳಾಗಿದ್ದವು. ಇವತ್ತು ಒಬ್ಬ ಮನುಷ್ಯ ತನ್ನ ಮಗಳ ಬಗ್ಗೆ ಹೇಳಬಹುದಾದದ್ದೆಲ್ಲ ಇಷ್ಟರಲ್ಲೇ ಇದೆ ಎನ್ನಿಸಿತು.

ಬರೆದಾದ ಮೇಲೆ ಅವರು ಓದಿ ಒಪ್ಪಿಸಿದರು. 'ಪೀಸ್' ಮತ್ತು 'ಹೋಮ್' ಅದಲುಬದಲಾದಾಗ ಮೇಷ್ಟ್ರು ಅಭ್ಯಾಸಬಲದಿಂದ ಕಿವಿ ಹಿಂಡಲು ಕೈಯೆತ್ತಿ, ಗ್ರಾಹಕರೆಂದು ನೆನಪಾಗಿ ಇಳಿಸಿದರು. ಮೂರನೆಯ ಸಲಕ್ಕೆ ಎಲ್ಲವೂ ಸರಿಹೋಯಿತು. ಇಸ್ತ್ರಿಯಕ್ಕ ಅವರ ಶರ್ಟಿನ ಕಾಲರಿಗೆ ಇನ್ನೊಮ್ಮೆ ಇಸ್ತ್ರಿ ಎಳೆದುಕೊಟ್ಟಳು. ಅವರು ಚೀಟಿಗಳನ್ನು ಈ ಸಲ ಜೇಬಿಗೆ ಹಾಕದೆ ಮುಷ್ಟಿಯಲ್ಲಿ ಹಿಡಿದುಕೊಂಡು ಹೋದರು.

ಮೇಡಂ ಇಷ್ಟು ಹೊತ್ತೂ ಅಲ್ಲೇ ನಿಂತಿದ್ದರು. ಇಸ್ತ್ರಿಯಕ್ಕ ತಾನೇ ಮುಂದೆ ಬಂದಳು.

"ನಂಬರ್ ನೋಡದೆ ಜೇಬಿಗೆ ಕೈಹಾಕಿದ್ದು ನಾನೇ ಮೇಡಂ. ಕಂಪ್ಲೇಂಟ್ ಬರ್ಕೊಳ್ಳಿ."

"ಅವರು ಕಂಪ್ಲೇಂಟ್ ಕೊಟ್ಟಿಲ್ವಲ್ಲ," ಎಂದರು ಮೇಡಂ. ಕನ್ನಡಕ ತೆಗೆದು ಒರೆಸುತ್ತಿದ್ದರು. "ಕೊಟ್ಟಿದ್ದು ನೀವು. ನಿಮ್ಮ ಕಂಪ್ಲೇಂಟ್ ಬರ್ಕೊಳ್ಳೋಕೆ ನನ್ನ ಹತ್ರ ಪುಸ್ತಕ ಇಲ್ಲ. ಇನ್ಮೇಲೆ ಯಾರ ಕಾಗದಕ್ಕೂ ನೀರು ಹಾಕಬೇಡಿ. ಸೋಮವಾರ ಏಳಕ್ಕೆ ಬಂದು ಕೂತ್ಕೊಳ್ಳಿ. ಲಾಂಡ್ರಿಯ ಮಾತು ಫೋನಮ್ಮ ಹೇಳ್ಕೊಡ್ತಾರೆ, ಅದನ್ನೂ ಜೋಡಿಸ್ಕೊಳ್ಳಿ." ಎರಡು ಹೆಜ್ಜೆ ಹೋಗಿ ತಿರುಗಿದರು. "ಆ ಸರ್ವ್ಡ್ ಹಾಟ್ ಅನ್ನೋದು ಇರಲಿ."

ಸಂಜೆ, ಮನೆಗೆ ಹೊರಡಲು ಹತ್ತು ನಿಮಿಷವಿದ್ದಾಗ, ಫೋನು ಬಡಿದುಕೊಂಡಿತು. ಎತ್ತಿದರೆ ಹಿಂದಿನಿಂದ ಸಂಗೀತ, ತಟ್ಟೆಗಳ ಸದ್ದು, ಯಾರೋ ಹೆಣ್ಣುಮಗಳು ನಗುತ್ತ ಸೀನಿದ ಸದ್ದು.

"ಲಾಂಡ್ರಿ?"

ಆ ದನಿ ಕೇಳಿದ್ದೇ ಇಸ್ತ್ರಿಯಕ್ಕ ಎದ್ದು ನಿಂತಳು. ಆ ಕಡೆ ಅವರು ಬಹಳ ಹೊತ್ತು ಪದ ಹುಡುಕಿದರು. ಪ್ರತಿದಿನ ಅವರ ಅಂಗಡಿಯಲ್ಲಿ ದೂರದೂರಿನಿಂದ ಬಂದವರು ಕೊನೆಯ ಚೂರನ್ನೂ ತಿಂದು, ಕೈ ಒರೆಸಿಕೊಂಡು, ಬಾಗಿಲಲ್ಲಿ ತಿರುಗಿ ಹೇಳುತ್ತಿದ್ದ ಮಾತು ಯಾವುದೋ, ಅವರಿಗೆ ಗೊತ್ತಿದ್ದ ಇಂಗ್ಲಿಷಿನಲ್ಲೆಲ್ಲ ಒಳ್ಳೆಯ ಮಾತು ಯಾವುದೋ, ಅದನ್ನು ಹುಡುಕಿ ತೆಗೆದರು.

"ಎವೆರಿಥಿಂಗ್," ಎಂದರು, "ಎವೆರಿಥಿಂಗ್ ವಾಸ್ ಡೆಲಿಶಿಯಸ್."

ಇಸ್ತ್ರಿಯಕ್ಕನಿಗೆ ಇದಕ್ಕೆ ಏನು ಹೇಳಬೇಕೆಂದು ಚೆನ್ನಾಗಿ ಗೊತ್ತಿತ್ತು. ಮೇಷ್ಟ್ರ ಚೀಟಿಯಲ್ಲಿ ಎಂದೋ ಬಂದಿತ್ತು.

"ಅವರ್ ಪ್ಲೆಷರ್, ಸರ್. ಪ್ಲೀಸ್ ಕಮ್ ಅಗೇನ್."

ಗಾಜಿನಾಚೆ ಮೇಡಂ ತಲೆಯೆತ್ತಲಿಲ್ಲ. ಇಸ್ತ್ರಿಯಕ್ಕ ರಿಸೀವರ್ ಮೆಲ್ಲಗೆ ಇಟ್ಟಳು. ಆಮೇಲೆ ಕಾಲು ನೆನಪಾಗಿ, ಕುರ್ಚಿ ಎಳೆದುಕೊಂಡು ಕೂತಳು.